ಕುರ್ಚಿಯಿಂದ ಏಳದ ಮಾಸ್ತರು

ಮಾಸ್ತರು ತೀರಿಕೊಂಡ ಮೂರನೆಯ ದಿನಕ್ಕೇ ನನ್ನ ಫೋನಿಗೆ ಸಂದೇಶ ಬಂತು. ಸೋಲಾಪುರದ ಚರ್ಚಿನವರು ಅವರ ನೆನಪಿಗೆ ಒಂದು ಪುಸ್ತಿಕೆ ತರುತ್ತಾರಂತೆ. ಅವರ ಹಳೆಯ ವಿದ್ಯಾರ್ಥಿಗಳಲ್ಲಿ ಕನ್ನಡ ಬರೆಯಬಲ್ಲವಳು ನಾನೊಬ್ಬಳೇ ಉಳಿದಿರುವುದರಿಂದ ನಾಲ್ಕು ಸಾಲು ಬರೆದುಕೊಡಬೇಕಂತೆ. ಉಳಿದವರೆಲ್ಲ ಮರಾಠಿಯಲ್ಲಿ ಬರೆಯುತ್ತಾರೆ. 'ಆದರ್ಶ ಉಪದೇಶಿ' ಎಂದು ತಲೆಬರಹವನ್ನೂ ಅವರೇ ಇಟ್ಟು ಕಳಿಸಿದ್ದರು; ನಾನು ಅದರ ಕೆಳಗಿನ ಜಾಗ ತುಂಬಿದರೆ ಸಾಕಿತ್ತು. ನಾಲ್ಕು ಸಾಲಿಗೆ ಕೂತವಳು ಇಷ್ಟು ಬರೆದಿದ್ದೇನೆ. ಇದನ್ನು ಅವರು ಅಚ್ಚು ಹಾಕುವುದಿಲ್ಲ ಎಂದು ನನಗೆ ಗೊತ್ತು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುತ್ತಾರೆ. ಅವರು ಬದುಕಿದ್ದಾಗ ಯಾರಾದರೂ ಆಡಲು ಬಿಟ್ಟಿದ್ದರೆ ಈ ಮಾತಿಗೆ ನಾನೂ ತಲೆಬಾಗುತ್ತಿದ್ದೆ.

ಅಕ್ಕಲಕೋಟದಲ್ಲಿ ಆಗ ನಾವು ಕಥೋಲಿಕರು ಐದಾರು ಮನೆ. ಗುರುವಾರ ಬಂತೆಂದರೆ ಊರಿನ ತುಂಬ ಸ್ವಾಮಿಗಳ ದರ್ಶನಕ್ಕೆ ಬಂದ ಜನ. ಆ ಗದ್ದಲದಲ್ಲಿ ಮೈಂದರ್ಗಿ ನಾಕೆಯ ಆಚೆ ತಗಡಿನ ಮಾಡಿನ ನಮ್ಮ ಪ್ರಾರ್ಥನೆಯ ಮನೆ ಇದೆಯೆಂದು ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ. ಬಲಿಪೂಜೆ ಮಾಡುವ ಫಾದರ್ ಸೋಲಾಪುರದಿಂದ ತಿಂಗಳಿಗೊಂದು ಐತವಾರ ಬರುತ್ತಿದ್ದರು. ಉಳಿದ ದಿನಗಳಿಗೆಲ್ಲ ಉಪದೇಶಿ ಮಾಸ್ತರು. ವಾರವಿಡೀ ಕನ್ನಡ ಸಾಲಿಯಲ್ಲಿ ಕಲಿಸುವುದು, ಐತವಾರ ನಮಗೆ ಧರ್ಮಪಾಠ ಹೇಳುವುದು, ಯಾರಾದರೂ ಸತ್ತರೆ ಪ್ರಾರ್ಥನೆ ನಡೆಸುವುದು, ಗಂಡ ಹೆಂಡತಿ ಜಗಳವಾಡಿದರೆ ನಡುವೆ ಕೂರುವುದು, ಎಲ್ಲ ಅವರದೇ.

ಎತ್ತರದ ಆಳು. ಬಿಳಿಯ ಪೈಜಾಮ, ಬಿಳಿಯ ಅಂಗಿ, ಎದೆಯ ಜೇಬಿನಲ್ಲಿ ಎರಡು ತುಂಡು ಸೀಮೆಸುಣ್ಣ. ಕೂರುವ ಮೊದಲು ಹೆಗಲ ಮೇಲಿನ ಟವೆಲಿನಿಂದ ಕುರ್ಚಿ ಒರೆಸುತ್ತಿದ್ದರು, ಅದು ಸ್ವಚ್ಛವಾಗಿದ್ದರೂ ಸರಿ. ಒಂದು ಮಾತು ಹೇಳಿ ಮುಗಿಸಿದಾಗ ಬೆರಳ ಗೆಣ್ಣಿನಿಂದ ಮೇಜಿನ ಮೇಲೆ ಎರಡು ಸಲ ಬಡಿಯುತ್ತಿದ್ದರು. ಆ ಮೇಲೆ ಪ್ರಶ್ನೆ ಇಲ್ಲ. ಅಕ್ಷರ ಮಾತ್ರ ಮುತ್ತು. ಒಂದು 'ಕ್ಷ' ಬರೆಯಲು ನನ್ನಿಂದ ಪಾಟಿ ತುಂಬ ತಿದ್ದಿಸಿದ್ದಾರೆ. ನಾನು ಇವತ್ತು ಮಂದ್ರೂಪದ ಕನ್ನಡ ಸಾಲಿಯಲ್ಲಿ ಮಾಸ್ತರಿಣಿಯಾಗಿ ಅನ್ನ ತಿನ್ನುತ್ತಿದ್ದರೆ ಅದು ಆ ಕೈಯ ಪುಣ್ಯ. ಅಪ್ಪ ತೀರಿಕೊಂಡಾಗ ನನ್ನ ತರಬೇತಿಯ ಅರ್ಜಿ ಹಿಡಿದು ಸೋಲಾಪುರದ ಕಚೇರಿಗಳಿಗೆ ಅಲೆದವರೂ ಅವರೇ. ಇದನ್ನು ಮುಚ್ಚಿಟ್ಟರೆ ನಾನೂ ಅವರಂತೆಯೇ ಆಗುತ್ತೇನೆ.

ಧರ್ಮಪಾಠದಲ್ಲಿ ಅವರಿಗೆ ಅತಿ ಪ್ರೀತಿಯ ವಿಷಯ ಪೋಪರ ಅಸ್ಖಲಿತತೆ. ಪೋಪರು ತಪ್ಪದೆ ಬೋಧಿಸುವ ವರ ಅದು. ಬೇರೆ ಕಡೆ ದೊಡ್ಡವರಿಗೂ ಅರ್ಥವಾಗದ ಆ ಪಾಠವನ್ನು ಅವರು ಹತ್ತು ವರ್ಷದ ನಮಗೆ ಆಟವಾಡಿಸಿ ಕಲಿಸಿದರು. ಕುರ್ಚಿಯ ಮೇಲೆ ಕೂತು, "ಈಗ ಪೀಠದಿಂದ ಮಾತಾಡಾಕತ್ತಾರ," ಅನ್ನುವರು. ಎದ್ದು ನಿಂತು, "ಈಗ ಬರೇ ಮುದುಕ ಮನಿಷ್ಯಾ ಮಾತಾಡಾಕತ್ತಾನ. ಇವತ್ತ ಮಳಿ ಬರ್ತದ ಅಂತಾನ. ಛತ್ರಿ ಒಯ್ಯೂದು ಬಿಡೂದು ನಿಮ್ಮ ಮರ್ಜಿ," ಅನ್ನುವರು.

ಕೂತ ಮಾತಿಗೆ ನಾಲ್ಕು ಷರತ್ತು. ಇಡೀ ಧರ್ಮಸಭೆಯ ಕುರುಬನಾಗಿ ಪೀಠದಿಂದ ಹೇಳಿರಬೇಕು. ವಿಶ್ವಾಸಕ್ಕೋ ನೀತಿಗೋ ಸೇರಿದ ವಿಷಯವಾಗಿರಬೇಕು. ಇದು ಕೊನೆಯ ತೀರ್ಮಾನ ಎಂದು ಹೇಳಿರಬೇಕು. ಲೋಕದ ಎಲ್ಲ ಭಕ್ತರೂ ಒಪ್ಪಲೇಬೇಕೆಂದು ಹೇಳಿರಬೇಕು. ನಾಲ್ಕರಲ್ಲಿ ಒಂದು ಕಡಿಮೆಯಾದರೂ ಅದು ನಿಂತ ಮಾತು. ಆಮೇಲೆ ಆಟ ಶುರು. "ಪೋಪರು ಅಂತಾರ, ಕಬ್ಬಿನ ಹಾಲು ಕುಡದ್ರ ನೆಗಡಿ ಬರ್ತದ!" ನಾವೆಲ್ಲ ಕಿರುಚುತ್ತಿದ್ದೆವು, "ನಿಂದ್ರ‍್ರಿ ಮಾಸ್ತರ, ನಿಂದ್ರ‍್ರಿ!" "ಮರಿಯಮ್ಮನವರು ದೇಹಸಮೇತ ಸ್ವರ್ಗಕ್ಕ ಹೋದ್ರು!" "ಕುಂದ್ರ‍್ರಿ!" ಅವರು ಪಟಕ್ಕನೆ ಕೂರುವರು. ನಮಗೆ ನಗು ತಡೆಯಲು ಆಗುತ್ತಿರಲಿಲ್ಲ.

"ಪೋಪರು ಪಾಪಾ ಮಾಡಬಹುದೇನು?" ಎಂದು ಒಮ್ಮೆ ನನ್ನನ್ನೇ ಎಬ್ಬಿಸಿ ಕೇಳಿದರು. ಇಲ್ಲ ಅಂದೆ. "ತಪ್ಪು. ಮಾಡಬಹುದು. ಅವರೂ ಇನ್ನೊಬ್ಬ ಫಾದರ್ ಮುಂದ ಮಣಕಾಲೂರಿ ಪಾಪನಿವೇದನಾ ಮಾಡ್ತಾರ. ಬೋಧನಾದಾಗ ತಪ್ಪದೇ ಇರೂದು ಬ್ಯಾರೆ, ಬಾಳ್ವೆದಾಗ ತಪ್ಪದೇ ಇರೂದು ಬ್ಯಾರೆ. ತಿಳೀತೇನು?" ಎರಡು ಸಲ ಗೆಣ್ಣು ಬಡಿದರು. ತಿಳಿಯಿತು. ಇಡೀ ಭಕ್ತಸಮೂಹ ಒಂದಾಗಿ ನಂಬಿದ್ದೂ ತಪ್ಪಾಗದು ಎಂಬ ಮಾತೊಂದು ಅದೇ ಪಾಠದ ಕೊನೆಗೆ ಇತ್ತು. ಆ ಪುಟ ಬಂದಾಗ ಮಾಸ್ತರು ಬೆರಳಿಗೆ ಉಗುಳು ಹಚ್ಚಿ ಮುಂದಿನ ಪುಟಕ್ಕೆ ಹೋಗುತ್ತಿದ್ದರು. ಅವ್ವನಂಥವರ ನಂಬಿಕೆಗೂ ಒಂದು ತೂಕ ಇದೆಯೆಂದು ನಾನು ಓದಿ ತಿಳಿದದ್ದು ತಲೆ ನರೆತ ಮೇಲೆ.

ಅವ್ವನ ವಿಷಯಕ್ಕೆ ಬರುತ್ತೇನೆ. ಇಷ್ಟು ಬರೆದದ್ದೇ ಅದಕ್ಕೆ.

ನಾನು ಐದನೆಯ ಇಯತ್ತೆಯಲ್ಲಿದ್ದಾಗ ಅವ್ವನಿಗೆ ಎಂಟನೆಯ ತಿಂಗಳಿಗೇ ಹೆರಿಗೆ ನೋವು ಬಂತು. ಅಪ್ಪ ಸೋಲಾಪುರದ ಮಿಲ್ಲಿನಲ್ಲಿ, ವಾರಕ್ಕೊಮ್ಮೆ ಬರುವವನು. ಮಧ್ಯಾಹ್ನದ ಹೊತ್ತು. ನಾನು ಓಡಿಹೋಗಿ ಓಣಿಯ ಕೊನೆಯ ಮನೆಯ ಸುಮನಬಾಯಿಯನ್ನು ಕರೆತಂದೆ. ಅವಳು ಸರಕಾರಿ ದವಾಖಾನೆಯ ನರ್ಸ್, ಬೌದ್ಧಳು. ಮನೆಯ ಗೋಡೆಯ ಮೇಲೆ ಬುದ್ಧನ ಪಟ, ಬಾಬಾಸಾಹೇಬರ ಪಟ. ನಮ್ಮ ಓಣಿಯ ಅರ್ಧ ಮಕ್ಕಳನ್ನು ಈ ಲೋಕಕ್ಕೆ ಇಳಿಸಿಕೊಂಡವಳು ಅವಳೇ.

ಗಂಡು ಕೂಸು ಹುಟ್ಟಿತು. ಅಳಲಿಲ್ಲ. ಮೈ ನೀಲಿ. ಸುಮನಬಾಯಿ ಬೆನ್ನು ತಟ್ಟಿದಳು, ಬಾಯಿಗೆ ಉಸಿರು ಊದಿದಳು. ಕೂಸು ಸಣ್ಣಗೆ ನರಳಿತು. ಅವಳ ಮುಖ ನೋಡಿಯೇ ಅವ್ವನಿಗೆ ಗೊತ್ತಾಯಿತು.

"ಸುಮನಕ್ಕಾ, ಇದಕ್ಕ ಜ್ಞಾನಸ್ನಾನ ಆಗಬೇಕ. ಮಾಸ್ತರ ಸಾಲ್ಯಾಗ ಇರ್ತಾರ, ಬರೂದ್ರೊಳಗ..." ಅವ್ವನಿಗೆ ಎದ್ದು ಕೂರುವ ಶಕ್ತಿ ಇರಲಿಲ್ಲ.

"ಏನ ಮಾಡ್ಬೇಕ ಹೇಳ ತಂಗಿ, ನಾ ಮಾಡ್ತೀನಿ."

"ನೀರ ಹಾಕ. ನಾ ಅಂದಂಗ ಅನ್ನು."

ಸುಮನಬಾಯಿ ಕೂಸನ್ನು ಎಡಗೈಯಲ್ಲಿ ಹಿಡಿದಳು. ನಾನು ತಂಬಿಗೆ ಹಿಡಿದು ನಿಂತಿದ್ದೆ. ಅವಳು ಅದರೊಳಗೆ ಕೈ ಅದ್ದಿ, ಅಂಗೈಯಲ್ಲಿ ನೀರೆತ್ತಿ ಕೂಸಿನ ನೆತ್ತಿಗೆ ಮೂರು ಸಲ ಬಿಟ್ಟಳು. ಅವ್ವ ಮಲಗಿದಲ್ಲಿಂದಲೇ ಒಂದೊಂದು ಶಬ್ದ ಹೇಳಿದಳು. ಸುಮನಬಾಯಿ ತನ್ನ ಮರಾಠಿ ನಾಲಿಗೆಯಲ್ಲಿ ಒಂದೊಂದನ್ನೂ ಜೋಪಾನವಾಗಿ ಹೇಳಿದಳು. ಯೋಸೇಫ, ಪಿತನ, ಸುತನ, ಪವಿತ್ರಾತ್ಮನ ನಾಮದಲ್ಲಿ ನಿನಗೆ ಜ್ಞಾನಸ್ನಾನ ಕೊಡುತ್ತೇನೆ. ಹೇಳಿ ಮುಗಿದಾಗ ಅವಳ ಕಣ್ಣಲ್ಲಿ ನೀರಿತ್ತು. ಸ್ವಲ್ಪ ಹೊತ್ತಿಗೆ ಕೂಸು ತಣ್ಣಗಾಯಿತು. ಅವ್ವ ಅಳುತ್ತಿದ್ದಳು, ಆದರೂ ಒಂದು ಸಮಾಧಾನದ ಅಳು ಅದು. "ಯೋಸೇಫ ದೇವರ ಮನಿಗೆ ಹ್ವಾದ," ಎಂದು ನನ್ನ ತಲೆ ಸವರಿದಳು.

ಸಾಲಿ ಬಿಟ್ಟ ಮೇಲೆ ಮಾಸ್ತರು ಬಂದರು. ಟವೆಲಿನಿಂದ ಕುರ್ಚಿ ಒರೆಸಿ ಕೂತರು. ಎಲ್ಲ ಕೇಳಿದರು. "ನೀರ ಹಾಕಿದವರು ಯಾರು?" ಎಂದರು. ಅವ್ವ ಹೇಳಿದಳು.

"ಆಕಿ ನಮ್ಮಾಕಿ ಅಲ್ಲಲ್ಲ ಯವ್ವಾ. ಆಕಿಗೇ ಸ್ನಾನ ಇಲ್ಲ, ಕೂಸಿಗೆ ಹ್ಯಾಂಗ ಕೊಡ್ತಾಳ? ಇದು ನಡ್ಯೂದಿಲ್ಲ."

ಕಷ್ಟಕಾಲದಲ್ಲಿ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು ಎಂದು ನಮ್ಮ ಧರ್ಮಪಾಠದ ಪುಸ್ತಕದಲ್ಲೇ ಇತ್ತು. ನನಗೆ ಬಾಯಿಪಾಠ. ಆದರೆ ಯಾರು ಬೇಕಾದರೂ ಅಂದರೆ ನಮ್ಮವರೊಳಗೆ ಯಾರು ಬೇಕಾದರೂ ಎಂದು ಮಾಸ್ತರು ಮೊದಲೇ ಅರ್ಥ ಹೇಳಿಕೊಟ್ಟಿದ್ದರು. ಆ ಅರ್ಥ ಅವರು ಸ್ವಂತ ಹಚ್ಚಿದ್ದು. ಧರ್ಮಸಭೆಯ ಬೋಧನೆಯಲ್ಲಿ ಅದು ಇಲ್ಲ. ನೀರು ಬಿದ್ದು, ಮಾತು ಸರಿಯಾಗಿದ್ದು, ಧರ್ಮಸಭೆ ಮಾಡುವುದನ್ನೇ ಮಾಡುವ ಮನಸ್ಸು ಇದ್ದರೆ, ಬೌದ್ಧಳು ಕೊಟ್ಟದ್ದೂ ಸ್ನಾನವೇ. ಇದು ಯಾವ ಚಿಕ್ಕ ಫಾದರ್‌ಗೂ ಗೊತ್ತಿರುವ ವಿಷಯ. ನಮ್ಮ ಮಾಸ್ತರಿಗೆ ಮಾತ್ರ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು.

ಅವ್ವ ಕೇಳಿದಳು, "ಹಂಗಾರ ನನ್ನ ಕೂಸು ಎಲ್ಲಿ ಹೋಗ್ಯಾನ್ರಿ?"

"ಅದಕ್ಕೊಂದು ಅಂಚಿನ ಲೋಕ ಅದ. ದುಃಖ ಇರೂದಿಲ್ಲ. ದೇವರ ಮುಖ ಕಾಣೂದಿಲ್ಲ, ಅಷ್ಟ."

ಆಮೇಲೆ ನನ್ನ ಕಡೆ ತಿರುಗಿದರು. ಸಿಟ್ಟಿನಿಂದಲ್ಲ, ಪಾಠ ಒಪ್ಪಿಸುವಾಗ ಒಂದು ಅಕ್ಷರ ತಪ್ಪಿದವಳನ್ನು ನೋಡುವ ಹಾಗೆ ನೋಡಿದರು. "ತಂಬಿಗಿ ನಿನ್ನ ಕೈಯಾಗ ಇತ್ತಲ್ಲ ತಂಗಿ. ನಿನಗ ಸ್ನಾನ ಆಗೇದ. ನೀ ಹಾಕಿದ್ರ ಆಗತಿತ್ತು."

ಹೀಗೆ ಹೇಳಿ ನಮ್ಮ ಮನೆಯ ಮೇಜಿನ ಮೇಲೆ ಎರಡು ಸಲ ಬಡಿದು ಎದ್ದರು. ಅಂಚಿನ ಲೋಕದ ಮಾತನ್ನು ಯಾವ ಪೋಪರೂ ಪೀಠದಿಂದ ಹೇಳಿಲ್ಲ, ಅದು ನಾಲ್ಕು ಷರತ್ತು ದಾಟುವುದಿಲ್ಲ ಎಂದು ಅವರಿಗೆ ತಿಳಿಯದೆ ಇರಲಿಲ್ಲ. 'ನಿಂದ್ರ‍್ರಿ ಮಾಸ್ತರ' ಎಂದು ಕೂಗುವ ಮಕ್ಕಳಲ್ಲಿ ನಾನೇ ಮುಂದಿನವಳು, ಆದರೆ ಅವತ್ತು ನಾನು ಕೂಗಲಿಲ್ಲ. ಪೋಪರ ಮಾತಿಗೆ ನಾಲ್ಕು ಷರತ್ತು ಇದ್ದವು. ಮಾಸ್ತರ ಮಾತಿಗೆ ಒಂದೂ ಇರಲಿಲ್ಲ.

ಸ್ನಾನವಾಗದ ಕೂಸೆಂದು ಅದನ್ನು ಸ್ಮಶಾನದ ಕಾಂಪೌಂಡಿನ ಹೊರಗೆ, ಜಾಲಿ ಗಿಡದ ಹತ್ತಿರ ಮಣ್ಣು ಮಾಡಿದರು. ಅವ್ವನಿಗೆ ಮತ್ತೆ ಮಕ್ಕಳಾಗಲಿಲ್ಲ. ಪ್ರತಿ ನವೆಂಬರಿನಲ್ಲಿ ಮೃತರ ದಿನ ನಾವೆಲ್ಲ ಸ್ಮಶಾನಕ್ಕೆ ಹೋಗುತ್ತಿದ್ದೆವು. ಮಾಸ್ತರು ಕಾಂಪೌಂಡಿನ ಒಳಗೆ ನಿಂತು, ಪಟ್ಟಿ ಹಿಡಿದು, ಸತ್ತವರ ಹೆಸರನ್ನು ಒಂದೊಂದಾಗಿ ಓದುತ್ತಿದ್ದರು. ಅವ್ವ ಹೊರಗೆ ಜಾಲಿಯ ಹತ್ತಿರ ಮೇಣಬತ್ತಿಗೆ ಕೈ ಮರೆಮಾಡಿಕೊಂಡು ಕೂತಿರುತ್ತಿದ್ದಳು. ಪಟ್ಟಿ ಮುಗಿಯುವವರೆಗೂ ಕಿವಿಗೊಟ್ಟು ಕೇಳುತ್ತಿದ್ದಳು. ಯೋಸೇಫ ಎಂಬ ಹೆಸರಿನ ಮುದುಕರೊಬ್ಬರು ಪಟ್ಟಿಯಲ್ಲಿದ್ದರು. ಆ ಹೆಸರು ಬಂದಾಗ ಪ್ರತಿ ವರ್ಷವೂ ಅವಳು ಒಮ್ಮೆ ತಲೆ ಎತ್ತುತ್ತಿದ್ದಳು. ಮಾಸ್ತರಿಗೆ ಅದು ಕಾಣುತ್ತಿತ್ತು. ಅವರಿಗೆ ಕಣ್ಣು ಚೆನ್ನಾಗಿತ್ತು.

ಎಲ್ಲಕ್ಕಿಂತ ಅನ್ಯಾಯ ಆದದ್ದು ಸುಮನಬಾಯಿಗೆ. ಅವ್ವ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಜಗಳವಾಗಿ ಮುಗಿಯುತ್ತಿತ್ತು. ಸುಮ್ಮನೆ ಅವಳ ಮನೆಗೆ ಹೋಗುವುದನ್ನು ಬಿಟ್ಟಳು, ಅವಳು ಬಂದರೆ ಒಳಗೆ ಕೆಲಸವಿದೆ ಅಂದಳು. ಆ ಕೈಯಿಂದ ಕೂಸಿನ ಸ್ವರ್ಗ ತಪ್ಪಿತು ಎಂದು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಸುಮನಬಾಯಿ ಒಮ್ಮೆ ನನ್ನನ್ನು ನಳದ ಹತ್ತಿರ ನಿಲ್ಲಿಸಿ, "ನಂದ ಏನ ಚುಕಲಾ, ಏನ ತಪ್ಪಾತು ಪೋರಿ? ಅವ್ವ ಅಂದಂಗ ಅಂದೀನಿ," ಎಂದು ಕೇಳಿದಳು. ನಾನು ಕೊಡ ಎತ್ತಿಕೊಂಡು ಓಡಿಬಂದೆ. ನನಗೆ ನನ್ನ ಪಾಪವೇ ಸಾಕಾಗಿತ್ತು. ತಂಬಿಗೆ ಹಿಡಿದ ಕೈಯನ್ನು ನಾನು ಎಷ್ಟು ವರ್ಷ ನೋಡಿಕೊಂಡೆ ಎಂದು ಹೇಳಿದರೆ ನೀವು ನಂಬಲಿಕ್ಕಿಲ್ಲ.

ಇನ್ನೊಂದು ಕಹಿ ಮಾತು. ಮಾಸ್ತರ ಅಜ್ಜನ ಕಾಲಕ್ಕೆ ಅವರ ಮನೆತನ ಯಾವ ಕೇರಿಯಿಂದ ಎದ್ದು ಬಂದಿತ್ತೋ, ಸುಮನಬಾಯಿಯ ಮನೆತನವೂ ಅದೇ ಕೇರಿಯದು. ಇವರು ಶಿಲುಬೆಯ ಕಡೆ ನಡೆದರು, ಅವರು ಬುದ್ಧನ ಕಡೆ ನಡೆದರು. ಅವತ್ತು ನೀರು ಹಾಕಿದವಳು ಸೋಲಾಪುರದ ಯಾವುದೋ ದೊಡ್ಡ ಮನೆತನದ ಡಾಕ್ಟರಬಾಯಿ ಆಗಿದ್ದರೆ ಮಾಸ್ತರು ಅಷ್ಟು ಬೇಗ ಗೆಣ್ಣು ಬಡಿಯುತ್ತಿದ್ದರೇ? ಇದಕ್ಕೆ ನನ್ನ ಹತ್ತಿರ ಸಾಕ್ಷಿ ಇಲ್ಲ. ಸಂಶಯ ಮಾತ್ರ ಇದೆ, ಹೋಗುತ್ತಿಲ್ಲ.

ಹೋದ ವರ್ಷ ನನ್ನ ನೌಕರಿಯ ಕಾಗದಪತ್ರದಲ್ಲಿ ಜನ್ಮತಾರೀಖು ತಪ್ಪು ಬಿದ್ದಿದೆ, ಹಳೆಯ ದಾಖಲೆ ತನ್ನಿ ಅಂದರು. ಜ್ಞಾನಸ್ನಾನದ ದಾಖಲೆ ಸೋಲಾಪುರದ ಚರ್ಚಿನಲ್ಲಿ ಇರುತ್ತದೆ. ಹೋದೆ. ಈಗಿನ ಫಾದರ್ ಚಿಕ್ಕ ವಯಸ್ಸಿನವರು. ಅಪ್ಪನ ಹೆಸರು ಕೇಳಿ, ಹಳೆಯ ರಜಿಸ್ಟರಿನ ಹೆಸರುಪಟ್ಟಿಯ ಮೇಲೆ ಬೆರಳಾಡಿಸಿ, ಮರಾಠಿಯಲ್ಲಿ ಕೇಳಿದರು: ಈ ತಂದೆಗೆ ಇಬ್ಬರು ಮಕ್ಕಳಿದ್ದಾರೆ, ನಿಮಗೆ ಯಾರದು ಬೇಕು?

ನಾನು ಒಬ್ಬಳೇ ಅಂದೆ. ಅವರು ಪುಟ ತೆರೆದು ನನ್ನ ಕಡೆ ತಿರುಗಿಸಿದರು.

ಯೋಸೇಫ. ಅಪ್ಪನ ಹೆಸರು, ಅವ್ವನ ಹೆಸರು, ಅಕ್ಕಲಕೋಟ. ಪ್ರಾಣಾಪಾಯದಲ್ಲಿ ಸ್ನಾನ. ಕೊಟ್ಟವರು: ಸುಮನ, ನರ್ಸ್. ಪಕ್ಕದ ಅಂಚಿನಲ್ಲಿ ಆಗಿನ ಫಾದರ್ ಸಣ್ಣ ಅಕ್ಷರದಲ್ಲಿ ಬರೆದಿದ್ದರು: ಉಪದೇಶಿಯಿಂದ ವಿಷಯ ತಿಳಿಯಿತು; ಸ್ನಾನ ಸಿಂಧು, ಮನೆಯವರಿಗೆ ಹೀಗೆಂದು ತಿಳಿಸಲು ಉಪದೇಶಿಗೆ ಹೇಳಿದ್ದೇನೆ. ಅದರ ಕೆಳಗೆ, ತಿಳಿಯಿತು ಎಂಬುದಕ್ಕೆ, ಮಾಸ್ತರ ಸಹಿ. ಆ ಮುತ್ತಿನಂಥ ಅಕ್ಷರವನ್ನು ಜಗತ್ತಿನಲ್ಲಿ ಯಾರೂ ಗುರುತಿಸದಿದ್ದರೂ ನಾನು ಗುರುತಿಸುತ್ತೇನೆ. ತಾರೀಖು ನೋಡಿದೆ. ಕೂಸು ಹೋಗಿ ಮೂರು ವಾರ ಆಗಿತ್ತು, ಅಷ್ಟೇ. ಆ ಫಾದರ್‌ಗೆ ಅದೇ ತಿಂಗಳು ಬೇರೆ ಊರಿಗೆ ವರ್ಗವಾದದ್ದು ನನಗೆ ನೆನಪಿದೆ. ಮಾಸ್ತರು ಹೇಳಿರುತ್ತಾರೆ ಎಂದುಕೊಂಡೇ ಅವರು ಹೋಗಿರಬೇಕು.

ಫೋನಿನಲ್ಲಿ ಫೋಟೋ ತೆಗೆದುಕೊಂಡು ಅಕ್ಕಲಕೋಟಕ್ಕೆ ಬಂದೆ. ಅವ್ವನಿಗೆ ಓದಲು ಬರುವುದಿಲ್ಲ. ಓದಿ ಹೇಳಿದೆ. ಹೆಸರು ಎಲ್ಲಿದೆ ತೋರಿಸು ಅಂದಳು, ತೋರಿಸಿದೆ. ಗಾಜಿನ ಮೇಲೆ ಬೆರಳಿಟ್ಟಳು. ಬೆರಳು ತಾಕಿ ಚಿತ್ರ ಸರಿಯಿತು, ಮತ್ತೆ ತಂದುಕೊಟ್ಟೆ.

"ಸುಮನಕ್ಕನ ಹೆಸರೂ ಬರದಾರೇನು?"

"ಬರದಾರ ಅವ್ವಾ."

ಯೋಸೇಫನ ಹೆಸರಿಗೆ ಅಳದವಳು ಈ ಹೆಸರಿಗೆ ಅತ್ತಳು. ಸುಮನಬಾಯಿ ತೀರಿಕೊಂಡು ಆಗಲೇ ಏಳು ವರ್ಷವಾಗಿತ್ತು. ಅವಳು ಹೋದ ದಿನವೂ ಅವ್ವ ಅವಳ ಮನೆಯ ಬಾಗಿಲವರೆಗೆ ಹೋಗಿ, ಒಳಗೆ ಹೋಗದೆ ತಿರುಗಿ ಬಂದಿದ್ದಳು.

ಮರುದಿನ ಎಸ್ಟಿ ಬಸ್ಸಿನಲ್ಲಿ, ಮಾಸ್ತರನ್ನು ಕಾಣಲು ಸೋಲಾಪುರಕ್ಕೆ ಹೊರಟೆವು. ಅವ್ವನಿಗೆ ಎಪ್ಪತ್ತೆಂಟು. ದಾರಿಯುದ್ದಕ್ಕೂ ಸುಮನಬಾಯಿಯದೇ ಮಾತು. ಆಕೆ ತಂದುಕೊಡುತ್ತಿದ್ದ ಶೇಂಗಾ ಚಟ್ನಿ, ನನ್ನ ಬಾಣಂತನಕ್ಕೆ ಕರೆಯದಿದ್ದರೂ ಬಂದು ಹೊರಗೆ ನಿಂತದ್ದು, ಹೀಗೆ. ಮಾಸ್ತರ ಹೆಸರು ಎತ್ತಲಿಲ್ಲ. ನಾನು ಅವರಿಗೆ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ.

ಚರ್ಚಿನ ಹಿಂದಿನ ಒಂದು ಕೋಣೆಯಲ್ಲಿ ಮಾಸ್ತರು ಇದ್ದರು. ಮೈ ಸೋತಿತ್ತು, ತಲೆ ಸರಿಯಾಗಿತ್ತು. ಅವ್ವನನ್ನು ನೋಡಿ ಹಿಗ್ಗಿದರು. "ಬರ‍್ರಿ ಯವ್ವಾ, ಬರ‍್ರಿ. ಇಷ್ಟ ದೂರ ಯಾಕ ದಣಕೊಂಡು ಬಂದ್ರಿ?" ಎಂದು ಕುರ್ಚಿ ತೋರಿಸಿದರು. ಅವ್ವ ಕೂರಲಿಲ್ಲ. ನಾನು ಫೋನು ಅವರ ಮುಂದೆ ಹಿಡಿದೆ.

ಮೂಗಿಗೆ ಚಾಳೀಸು ಏರಿಸಿ ಬಹಳ ಹೊತ್ತು ನೋಡಿದರು. ಸುಳ್ಳು ಹೇಳಲಿಲ್ಲ, ಅಷ್ಟು ಒಳ್ಳೆಯತನ ಉಳಿದಿತ್ತು. "ಹೌದು. ಫಾದರ್ ಹೇಳಿದ್ರು. ತಿಳಿಸು ಅಂದ್ರು," ಎಂದರು.

ನಾನು ಬಾಯಿ ತೆರೆದೆ. ಅವ್ವ ನನ್ನ ಕೈ ಒತ್ತಿ ಸುಮ್ಮನಾಗಿಸಿದಳು. ಅವಳೇ ಕೇಳಿದಳು.

"ಯಾಕ ಹೇಳಲಿಲ್ರಿ?"

"ಬರೂ ಐತವಾರ ಹೇಳೂಣು ಅಂದೆ. ಆ ಐತವಾರ ಮಂದಿ ಎಲ್ಲಾ ಕುಂತಿತ್ತು, ಮಕ್ಕಳು ಕುಂತಿದ್ವು. ಬಾಯಿ ಬರಲಿಲ್ಲ. ಮುಂದ ತಿಂಗಳಾತು, ವರ್ಷಾತು. ತಡಾ ಆದಂಗ ಇನ್ನಷ್ಟು ಕಠಿಣ ಆತು."

"ಒಬ್ಬಾಕಿಗೇ ಕರದು ಹೇಳಬಹುದಿತ್ತಲ್ರಿ. ಹೇಳಿದ್ರ ಏನಾಗತಿತ್ತು?"

ಮಾಸ್ತರ ಕಣ್ಣಲ್ಲಿ ನಾನು ನೀರು ಕಂಡದ್ದು ಅದೇ ಮೊದಲು. ನನಗೆ ಕನಿಕರ ಬರಲಿಲ್ಲ, ಬರೆಯುವಾಗಲೂ ಬರುತ್ತಿಲ್ಲ.

"ಐದಾರ ಮನಿ ಯವ್ವಾ. ಫಾದರ್ ಬರೂದು ತಿಂಗಳಿಗೊಮ್ಮೆ. ಎಲ್ಲಾ ನನ್ನ ಮಾತಿನ ಮ್ಯಾಲ ನಿಂತಿತ್ತು. ಮಾಸ್ತರ ತಪ್ಪ್ಯಾನ ಅಂತ ಒಮ್ಮೆ ಗೊತ್ತಾದ್ರ, ಆಮ್ಯಾಲ ನನ್ನ ಮಾತು ಯಾರು ನಂಬತಿದ್ರು?"

ಅವ್ವ ಸೆರಗು ಹೊದ್ದುಕೊಂಡಳು.

"ನಾ ನಂಬತಿದ್ದೆರಿ," ಅಂದಳು.